ಉಲಾನ್‌ಬಾತರ್‌ನ ಹುಡುಗ, ಮಂಗಳೂರಿನ ಮೇಷ್ಟ್ರು

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಒಂದು ಅಪಾರ್ಟ್‌ಮೆಂಟ್. ಗ್ಯಾರೇಜಿನಿಂದ ಕಾರು ಬರುವ ದಾರಿಯಲ್ಲೇ ಮಕ್ಕಳ ಆಟ. ಅಲ್ಲಿ ಆಡುವ ತಂಗಿಯದೇ ಚಿಂತೆ ಬಟ್ಟುಶಿಗ್ ಎಂಬ ಹುಡುಗನಿಗೆ. ಕಾರು ಹೊರಬರುತ್ತಿದ್ದಂತೆ ಸೆನ್ಸರ್ ಗುರುತು ಹಿಡಿದು ಎಚ್ಚರಿಸುವ ಸೈರನ್ ಒಂದನ್ನು ಅವನೇ ತಯಾರಿಸಿದ.

ಇದೇ ಹುಡುಗ 2012ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅಮೆರಿಕದ ಎಂಐಟಿ ಎಲ್ಲರಿಗೂ ಆನ್‌ಲೈನಿನಲ್ಲಿ ಉಚಿತವಾಗಿ ತೆರೆದ ಸರ್ಕ್ಯೂಟ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಕೋರ್ಸಿಗೆ ಸೇರಿದ. ಅದು ಅಲ್ಲಿನ ಎರಡನೇ ವರ್ಷದ ಎಂಜಿನಿಯರಿಂಗ್ ಪಾಠ. ಕಲಿಸಿದವರು ಅನಂತ್ ಅಗರ್ವಾಲ್. ಅವರು ಬೆಳೆದದ್ದು ನಮ್ಮ ಮಂಗಳೂರಿನಲ್ಲಿ, ಓದಿದ್ದು ಮದ್ರಾಸ್ ಐಐಟಿಯಲ್ಲಿ. ಅವರ ಕೋರ್ಸಿನಲ್ಲಿ ಚಿಕ್ಕ ಚಿಕ್ಕ ವಿಡಿಯೊ, ವಾರ ವಾರ ಹೋಂವರ್ಕ್, ಪರದೆಯ ಮೇಲೆಯೇ ರೆಸಿಸ್ಟರು, ಕೆಪಾಸಿಟರುಗಳನ್ನು ಎಳೆದು ಜೋಡಿಸಿ ನೋಡುವ ಪ್ರಯೋಗಶಾಲೆ. ಹೆಸರು ಬರೆಸಿದವರು ಸುಮಾರು 1,55,000. ಪಾಸಾದವರು ಏಳು ಸಾವಿರ ಚಿಲ್ಲರೆ. ಪೂರ್ಣಾಂಕ ಪಡೆದವರು 340; ಅವರಲ್ಲೊಬ್ಬ ಬಟ್ಟುಶಿಗ್. ಮರುವರ್ಷ ಅವನು ಎಂಐಟಿಯ ವಿದ್ಯಾರ್ಥಿಯೇ ಆದ.

‘ಮೂಕ್’ ಎಂದು ಕರೆಯುವ ಈ ಬಗೆಯ ಕೋರ್ಸುಗಳಿಗೆ ಹೆಸರು ಬಿದ್ದದ್ದು 2008ರಲ್ಲಿ, ಕೆನಡಾದಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಲಕ್ಷಕ್ಕೂ ಹೆಚ್ಚು ಜನ ಮುಗಿಬಿದ್ದರು. ಬೆನ್ನಿಗೇ ಇಂಥ ಕೋರ್ಸುಗಳ ತಾಣಗಳಾದ ಕೋರ್ಸೆರಾ, ಎಡೆಕ್ಸ್ ಬಂದವು. ಲಾಭದ ಉದ್ದೇಶವಿಲ್ಲದೆ ಹಾರ್ವರ್ಡ್ ಮತ್ತು ಎಂಐಟಿ ಕಟ್ಟಿದ ಎಡೆಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ಖಾಸಗಿ ಕಂಪನಿಯ ಪಾಲಾಯಿತು. ಉಚಿತವೆಂದು ಹೊರಟ ದಾರಿಯಲ್ಲಿ ಸರ್ಟಿಫಿಕೇಟಿಗೆ ಬೆಲೆ ಬಂತು.

ಬಟ್ಟುಶಿಗ್‌ನ ಕಥೆ ಹೇಳುವವರು ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತಾರೆ. ಅವನು ಒಬ್ಬನೇ ಕೂತು ಕಲಿಯಲಿಲ್ಲ. ಎಂಐಟಿಯಲ್ಲಿ ಓದಿ ಊರಿಗೆ ಮರಳಿದ್ದ ಅವನ ಹೈಸ್ಕೂಲಿನ ಪ್ರಿನ್ಸಿಪಾಲರು ಸುಮಾರು ಇಪ್ಪತ್ತು ಮಕ್ಕಳನ್ನು ಆ ಕೋರ್ಸಿಗೆ ಸೇರಿಸಿದರು. ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯನನ್ನು ಕರೆಸಿದರು. ಆತ ಸಲಕರಣೆಗಳನ್ನು ಹೊತ್ತು ಬಂದು ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಿದ. ಪಾಠ ಎಂಐಟಿ ಇರುವ ಅಮೆರಿಕದ ಕೇಂಬ್ರಿಜ್‌ನಿಂದ ಬಂತು. ಹುಡುಗರನ್ನು ಕೊನೆಯ ವಾರದವರೆಗೆ ಕೈಹಿಡಿದು ನಡೆಸಿದವರು ಊರಲ್ಲೇ ಇದ್ದರು.

ಇಂಥ ಆನ್‌ಲೈನ್ ಕೋರ್ಸುಗಳಿಗೆ ನಮ್ಮಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಇದೆ, 2017ರಲ್ಲಿ ಶುರುವಾದ ‘ಸ್ವಯಂ’ ಇದೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಎನ್‌ಪಿಟಿಇಎಲ್‌ನ ‘ಲೋಕಲ್ ಚಾಪ್ಟರ್’ ಇರುವ ಕಾಲೇಜುಗಳಲ್ಲಿ ಒಬ್ಬರು ಮೇಷ್ಟ್ರಿಗೆ ಹೊಣೆ ಒಪ್ಪಿಸಿರುತ್ತಾರೆ. ಯಾರು ಸೇರಿದ್ದಾರೆ, ಯಾರ ಅಸೈನ್‌ಮೆಂಟ್ ಬಾಕಿ ಇದೆ ಎಂದು ನೋಡಿಕೊಳ್ಳುವ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೋರ್ಸು ಶುರುಮಾಡಿ ಎರಡೇ ವಾರಕ್ಕೆ ಕೈಬಿಟ್ಟವರಿಗೆ ಅದರ ಬೆಲೆ ಗೊತ್ತು.

ಜಗತ್ತಿನ ದೊಡ್ಡ ದೊಡ್ಡ ಮೇಷ್ಟ್ರುಗಳು ಈಗ ನಮ್ಮ ಹಳ್ಳಿಯ ಮಕ್ಕಳ ಫೋನಿನಲ್ಲೂ ಸಿಗುತ್ತಾರೆ. ‘ನಿನ್ನೆಯ ಪಾಠ ನೋಡಿದೆಯೇನೋ?’ ಎಂದು ಮರುದಿನ ಬೆಳಿಗ್ಗೆ ಕೇಳಲು ಮಾತ್ರ ಊರಲ್ಲೇ ಒಬ್ಬರು ಇರಬೇಕು.