ಅಂಗಡಿ ಬಾಗಿಲಿಗೆ ಅಧಿಕಾರಿ ಬಂದಾಗ

ಸಂಜೆಯಾದರೆ ನಮ್ಮ ಯಾವ ಪಟ್ಟಣದ ಬಸ್ ನಿಲ್ದಾಣದ ಬಳಿ ನಿಂತರೂ ಗೋಬಿ ಗಾಡಿಯ ಬಾಣಲೆ ಸದ್ದು ಮಾಡುತ್ತಿರುತ್ತದೆ. ತಿಂದ ಮಕ್ಕಳ ಬೆರಳಿಗೆ ಅಂಟಿ, ತೊಳೆದರೂ ಬಿಡದ ಕೆಂಪು ಬಣ್ಣವನ್ನು ನೀವೂ ಕಂಡಿರುತ್ತೀರಿ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿಸಿದ ಕೆಲವು ಮಾದರಿಗಳಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹೋಗುವಂಥದ್ದಲ್ಲ. ಆದೇಶ ಬೇಕಾದದ್ದೇ ಆಗಿತ್ತು. ಆದರೆ ಅದನ್ನು ಹಿಡಿದುಕೊಂಡು ಗಾಡಿಯ ಮುಂದೆ ಯಾರು ಬಂದು ನಿಲ್ಲಬಹುದು, ಏನು ಕೇಳಬಹುದು, ಏನು ಬರೆದುಕೊಡಬೇಕು ಎಂಬುದು ವ್ಯಾಪಾರಿಗೂ ಗಿರಾಕಿಗೂ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ದೊಡ್ಡವರಿಗೊಂದು, ಚಿಕ್ಕವರಿಗೊಂದು ನ್ಯಾಯ ನುಸುಳುತ್ತದೆ.

ಯಾರು ಬರಬಹುದು ಎಂಬುದಕ್ಕೆ ನಮ್ಮ ಕಡೆಯನ್ನೇ ನೋಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ನಾಲ್ಕೂ ಪಟ್ಟಣಗಳಲ್ಲಿ ಪುರಸಭೆಯಿದೆ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ ಉದ್ದಿಮೆ ಪರವಾನಗಿ ಕೊಡುವುದು ಅಲ್ಲಿಯೇ. ಮುಖ್ಯಾಧಿಕಾರಿಯ ಕೈಕೆಳಗಿನ ಆರೋಗ್ಯ ನಿರೀಕ್ಷಕರು ಚರಂಡಿ, ಕಸ, ನಿಷೇಧಿತ ಪ್ಲಾಸ್ಟಿಕ್, ಅಂಗಡಿಯ ಶುಚಿತ್ವ ನೋಡುತ್ತಾರೆ. ಆಹಾರದ ಗುಣಮಟ್ಟ ಬೇರೆ ಕಾನೂನಿನ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಅದನ್ನು ನೋಡುವವರು ಆಹಾರ ಸುರಕ್ಷತಾ ಅಧಿಕಾರಿ. ಅವರ ಮೇಲೆ ಜಿಲ್ಲೆಗೆ ಒಬ್ಬರು ಅಂಕಿತಾಧಿಕಾರಿ. ಹಾಗಾಗಿ ಪುರಸಭೆಯ ಪರವಾನಗಿ ಗೋಡೆಗೆ ತೂಗುಹಾಕಿದ್ದರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆ ಮಾಡಿಸಲೇಬೇಕು. ತಕ್ಕಡಿ ನೋಡಲು ಬರುವವರು ಕಾನೂನು ಮಾಪನ ಇಲಾಖೆಯವರು. ಮೇಲುಕೋಟೆಯಲ್ಲಿ ಪುಳಿಯೋಗರೆ ಮಾರುವವರು ಪರವಾನಗಿಗೆ ಪುರಸಭೆಗೆ ಹೋಗುವಂತಿಲ್ಲ. ಅದು ಗ್ರಾಮ ಪಂಚಾಯಿತಿ, ಅಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಬೇಕು. ಯಾರೇ ಬರಲಿ, ಯಾವ ಇಲಾಖೆ, ಯಾವ ಕಾಯ್ದೆ ಎಂದು ಮೊದಲು ಕೇಳಿ. ಅದು ಉದ್ಧಟತನವಲ್ಲ.

ಮಾದರಿ ತೆಗೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಹಾರ ಸುರಕ್ಷತೆಯ ಕಾಯ್ದೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಭಾಗ ಇದು. ಪರೀಕ್ಷೆಗೆ ಕಳಿಸುತ್ತೇನೆಂದು ಅಧಿಕಾರಿ ಬರಹದಲ್ಲಿ ತಿಳಿಸಬೇಕು. ಸಾಕ್ಷಿಗಳನ್ನು ಕರೆಯಬೇಕು. ಮಾದರಿ ಬಿಟ್ಟಿಯಾಗಿ ಒಯ್ಯುವಂತಿಲ್ಲ. ಗಿರಾಕಿ ಕೊಡುವ ಬೆಲೆಯನ್ನೇ ಕೊಡಬೇಕು. ಆಮೇಲೆ ಅದನ್ನು ನಾಲ್ಕು ಪಾಲು ಮಾಡಿ, ಕಟ್ಟಿ, ಚೀಟಿ ಅಂಟಿಸಿ, ಅರಗಿನ ಮುದ್ರೆ ಒತ್ತುತ್ತಾರೆ. ವ್ಯಾಪಾರಿಯ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಹಾಕಿಸಿಕೊಳ್ಳುತ್ತಾರೆ. ದಾರಿಯಲ್ಲಿ ಯಾರಾದರೂ ಬಿಚ್ಚಿ ಬದಲಾಯಿಸಿದರೆ ಆ ಸಹಿಯೇ ಹೇಳಿಬಿಡುತ್ತದೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ ವಶಕ್ಕೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ವ್ಯಾಪಾರಿ ಕೇಳಬಹುದು, ಖರ್ಚು ಮಾತ್ರ ಅವರದು. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರಿಗೆ ಸರಿಯೆನಿಸಿದರೆ ಉಳಿದ ಪಾಲು ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಂಥವುಗಳಲ್ಲಿ ಒಂದು ನಮ್ಮ ಪಕ್ಕದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ.

ಕೊಳಕು ಅಡುಗೆಮನೆ, ಮುಚ್ಚಳವಿಲ್ಲದ ನೀರಿನ ಡ್ರಮ್ಮು ಇಂಥವಕ್ಕೆ ಮೊದಲ ದಿನವೇ ಬೀಗ ಜಡಿಯುವುದಲ್ಲ. ಅಂಕಿತಾಧಿಕಾರಿ ಸುಧಾರಣಾ ನೋಟಿಸ್ ಕೊಡಬೇಕು. ಏನು ತಪ್ಪಾಗಿದೆ, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಬರೆದು ಕನಿಷ್ಠ 14 ದಿನ ಕಾಲಾವಕಾಶ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಪರವಾನಗಿ ಅಮಾನತು. ಆಮೇಲೂ ಸರಿಯಾಗದಿದ್ದರೆ, ಕಾರಣ ಕೇಳಿ, ರದ್ದು. ಜನರ ಜೀವಕ್ಕೇ ಅಪಾಯವಿದ್ದರೆ ತಕ್ಷಣ ನಿಲ್ಲಿಸುವ ತುರ್ತು ಅಧಿಕಾರವೂ ಇದೆ, ಇರಲೇಬೇಕು. ಹಳಸಿದ ಮಾಂಸದ ಮುಂದೆ 14 ದಿನ ಕಾಯುವುದು ತಿನ್ನುವವರಿಗೆ ಮಾಡುವ ಅನ್ಯಾಯ. ಅಧಿಕಾರಿ ಕಾರಣವಿಲ್ಲದೆ, ಕಿರುಕುಳ ಕೊಡಲೆಂದೇ ಆಹಾರ ಜಪ್ತಿ ಮಾಡಿದರೆ ಅವರಿಗೇ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅಧಿಕಾರಿಯ ಮೇಲೆ ಸುಳ್ಳು ದೂರು ಕೊಟ್ಟವರಿಗೂ ದಂಡವಿದೆ. ಎರಡೂ ಕಡೆಗೆ ಬೇಲಿ ಹಾಕಿದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ.

ಗಾಡಿಯವರಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇನ್ನೊಂದು ಆಸರೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು ಶೇ. 40ಕ್ಕೆ ಕಡಿಮೆ ಇರಬಾರದು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಎತ್ತಂಗಡಿಗೆ ಮುಂಚೆ 30 ದಿನಗಳ ನೋಟಿಸ್ ಕೊಡಬೇಕು. ಜಪ್ತಿ ಮಾಡಿದ್ದಕ್ಕೆ ಪಟ್ಟಿ ಬರೆದುಕೊಡಬೇಕು. ಸೊಪ್ಪು, ಹೂವಿನಂಥ ಬೇಗ ಕೆಡುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ ಬಿಡಬೇಕು. ದಸರೆಯ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ, ವೈರಮುಡಿ ಉತ್ಸವದ ಹೊತ್ತಿಗೆ ಮೇಲುಕೋಟೆಯಲ್ಲಿ ಜನ ಜಾಸ್ತಿ. ಜನ ಹೆಚ್ಚಿದಷ್ಟೂ ತಪಾಸಣೆ ಬಿಗಿಯಾಗಬೇಕು, ಒಪ್ಪಿದೆ. ಹಾಗಂತ ಹಬ್ಬದ ಮುಂಜಾನೆ ಗಾಡಿಗಳನ್ನಷ್ಟೇ ಎತ್ತಿಸಿ, ಹಿಂಬಾಗಿಲಲ್ಲೇ ಚರಂಡಿ ಹರಿಯುವ ದೊಡ್ಡ ಹೋಟೆಲನ್ನು ಬಿಟ್ಟರೆ ಅದು ಆರೋಗ್ಯ ರಕ್ಷಣೆಯಲ್ಲ. ನೋಡುವುದಾದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಒಂದೇ ತಪಾಸಣಾ ಪಟ್ಟಿ ಹಿಡಿದು ನೋಡಬೇಕು.

ಪರವಾನಗಿ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯದಿರಲಿ ಎಂದೇ 2011ರ ಸಕಾಲ ಕಾಯ್ದೆ ಬಂದದ್ದು. ಅರ್ಜಿ ಕೊಟ್ಟಾಗ ಸ್ವೀಕೃತಿಯ ಜೊತೆ ಸಕಾಲ ಸಂಖ್ಯೆ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ತಡ ಮಾಡಿದವರ ಲೆಕ್ಕ ಕಡತದಲ್ಲಿ ಉಳಿಯುತ್ತದೆ. ದಂಡ ಕಟ್ಟುವಾಗ ಸಂಖ್ಯೆ, ದಿನಾಂಕ, ಯಾವ ತಪ್ಪಿಗೆ ಎಂಬುದು ನಮೂದಾದ ರಶೀದಿ ಕೈಗೆ ಬರದೆ ಹಣ ಕೊಡಬೇಡಿ. ರಶೀದಿಯಿಲ್ಲದ ಹಣ ಪುರಸಭೆಯ ಖಜಾನೆಗೆ ಹೋಗಿ ಸೇರುವುದಿಲ್ಲ.

ನೋಟಿಸ್ ಬಂದ ಮೇಲೆ ಡ್ರಮ್ಮಿಗೆ ಮುಚ್ಚಳ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ಸರಿಪಡಿಸಿದ್ದನ್ನು ಬರೆದು ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಮರುತಪಾಸಣೆಗೆ ಬಂದವರು ಸರಿಯಾಗಿದೆ ಎಂದು ಬರೆದ ಹಾಳೆಯ ಪ್ರತಿ ಕೇಳಿ ಪಡೆದು, ಪರವಾನಗಿಯ ಪಕ್ಕದಲ್ಲೇ ಗಿರಾಕಿಗಳಿಗೆ ಕಾಣುವ ಹಾಗೆ ಅಂಟಿಸಿ.