ರೋಣದ ಕಂಠ, ದುರ್ಗದ ಕಥೆ, ಮುಂಬಯಿಯ ತೆರೆ

ಹಿಂದೀ ಚಲಚ್ಚಿತ್ರವು ದೇಶವನ್ನು ಒಂದುಗೂಡಿಸಿತೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮಾತು ಸುಳ್ಳಲ್ಲ. 1931ರಲ್ಲಿ ‘ಆಲಂ ಆರಾ’ ಬೋಲಪಟವು ತೆರೆಕಂಡಂದಿನಿಂದ ಮುಂಬಯಿಯ ಹಾಡುಗಳು ಊರೂರನ್ನು ಮುಟ್ಟಿದವು. ಹಿಂದಿ ಬಾರದವರ ನಾಲಗೆಯ ಮೇಲೂ ನಲಿದವು. ಆದರೆ ಈ ಏಕತೆಯನ್ನು ಕಟ್ಟಿದ್ದು ಮುಂಬಯಿ ಒಂದೇ ಏನು? ಗದುಗಿನ ಸೀಮೆಯವರಾದ ನಾವು ಇದನ್ನು ಕೇಳಿಕೊಳ್ಳಲೇಬೇಕು.

ಒಂದು ಕಾಲಕ್ಕೆ ಈ ಸೀಮೆಯೇ ಹರಿದು ಹಂಚಿತ್ತು. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ. ಸಂಗೀತಕ್ಕೆ ಮಾತ್ರ ಈ ಗಡಿಗಳು ಅಡ್ಡ ಬರಲಿಲ್ಲ. ಮೀರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂಖಾನರ ಧ್ವನಿಮುದ್ರಿಕೆಗೆ ಮರುಳಾದ ಗದುಗಿನ ಬಾಲಕನೊಬ್ಬ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟ. ಉತ್ತರದೇಶವನ್ನೆಲ್ಲ ಸುತ್ತಿ ಬಂದವನಿಗೆ ಗುರು ದೊರೆತದ್ದು ಮನೆಗೆ ಸಮೀಪದ ಕುಂದಗೋಳದಲ್ಲಿ. ಅವರು ಖಾನಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರು. 1922ರಲ್ಲಿ ರೋಣದಲ್ಲಿ ಜನಿಸಿದ ಆ ಬಾಲಕನೇ ಪಂಡಿತ ಭೀಮಸೇನ ಜೋಶಿ.

1956ರಲ್ಲಿ ‘ಬಸಂತ್ ಬಹಾರ್’ ಚಿತ್ರ ಬಂದಿತು. ಸಂಗೀತ ಶಂಕರ್-ಜೈಕಿಶನ್ನರದು. ಬಸಂತ್ ರಾಗದ ಸ್ಪರ್ಧೆಯೊಂದರಲ್ಲಿ ಮನ್ನಾ ಡೇ ಅವರಿಗೆ ಎದುರಾಗಿ ಹಾಡಿದವರು ನಮ್ಮ ಭೀಮಸೇನರು. ಕಥೆಯಂತೆ ಗೆಲ್ಲಬೇಕಾದವನು ಮನ್ನಾ ಡೇ ಅವರ ಕಂಠದಲ್ಲಿ ಹಾಡುವ ನಾಯಕ. ಅಂಥ ಗಾಯಕರೆದುರು ತಾವು ಗೆಲ್ಲುವುದೆಂತು ಎಂದು ಮನ್ನಾ ಡೇ ಅಳುಕಿದ್ದರು. ಚಿತ್ರದ ಮೂಲಕಥೆಯೂ ಕನ್ನಡದ್ದೇ: ತ.ರಾ.ಸು. ಅವರ ‘ಹಂಸಗೀತೆ’. ಚಿತ್ರದುರ್ಗದ ಸಂಗೀತಗಾರನೊಬ್ಬನ ಬಾಳು ಹಿಂದುಸ್ತಾನೀ ರಾಗಗಳನ್ನು ತೊಟ್ಟು ದೇಶದ ಮುಂದೆ ನಿಂತಿತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯೆಲ್ಲ, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಮುಂಬಯಿಯೊಡನೆ ಆಡಳಿತದ ನಂಟು ಕಳಚಿದ ವರ್ಷವೇ ನಮ್ಮ ಕಂಠವೂ ಕಥೆಯೂ ಮುಂಬಯಿಯ ತೆರೆಯನ್ನು ಏರಿದ್ದವು.

ಆ ಹಾಡನ್ನು ಗುನುಗುವವರಲ್ಲಿ ಎಷ್ಟು ಮಂದಿಗೆ ಅದರ ಕನ್ನಡದ ಬೇರು ತಿಳಿದಿದೆ? ಜಿ.ವಿ. ಅಯ್ಯರ್ ‘ಹಂಸಗೀತೆ’ಯನ್ನು ಕನ್ನಡದ ತೆರೆಗೆ ತಂದುದು 1975ರಲ್ಲಿ, ಹತ್ತೊಂಬತ್ತು ವರ್ಷ ತಡವಾಗಿ. ಮರೆವಿನ ದೋಷ ಮುಂಬಯಿಯದಷ್ಟೇ ಅಲ್ಲ, ನಮ್ಮದೂ ಹೌದು. ಹಿಂದೀ ಚಿತ್ರವು ಬೆಳೆದದ್ದು ನಾಡುನಾಡುಗಳ ಕಾಣಿಕೆಯಿಂದ. ಕಾಣಿಕೆ ಕೊಟ್ಟವರ ಹೆಸರು ಅಳಿದರೆ ಏಕತೆ ಅರ್ಧವಾಗಿಯೇ ಉಳಿದೀತು. ಇನ್ನೊಮ್ಮೆ ಆ ಹಾಡು ಕಿವಿಗೆ ಬಿದ್ದಾಗ ಮನೆಯ ಮಕ್ಕಳನ್ನು ಕರೆದು, ಆ ದನಿ ಯಾವ ಊರಿನದು, ಆ ಕಥೆ ಯಾರದು ಎಂದು ಹೇಳುವ ಹೊಣೆ ನಮ್ಮದಲ್ಲವೆ?