ಹಾರುವ ತಟ್ಟೆಗೆ ಯಾವ ಬಂದೂಕು?

ಬಳ್ಳಾರಿಯ ಮಗ್ಗುಲಿನ ಹಲಕುಂದಿಯಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ತರುಣನೊಬ್ಬನು ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದು ಗುರಿ ಹೊಡೆಯುವುದನ್ನು ಕಲಿತಿದ್ದಾನೆ. ಕೈ ಚೆನ್ನಾಗಿ ಕುದುರಿದೆಯೆಂದು ಎಲ್ಲರೂ ಹೊಗಳಿದ ಮೇಲೆ, ಈಗ ಆಕಾಶದಲ್ಲಿ ಹಾರುವ ತಟ್ಟೆಗಳನ್ನು ಹೊಡೆಯುವ ಸ್ಪರ್ಧೆಗೆ ಇಳಿಯಬೇಕೆಂದು ಅವನಿಗೆ ಮನಸ್ಸಾಗಿದೆ. "ಸಾರ್, ಒಳ್ಳೆಯ ಸೆಮಿ ಆಟೋಮ್ಯಾಟಿಕ್ ಬಂದೂಕು ಯಾವುದು?" ಎಂದು ಅವನು ನನ್ನನ್ನು ಕೇಳಿದನು. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳನ್ನು ಪಾಠ ಹೇಳುವವನಿಗೆ ಬೇಟೆಯ ಸಾಧನಗಳೂ ತಿಳಿದಿರಬೇಕೆಂದು ಅವನ ಲೆಕ್ಕಾಚಾರವಿದ್ದೀತು. ನಗೆಯಾಡಿ ಕಳುಹಿಸಬಹುದಾಗಿತ್ತು. ಆದರೆ ಅವನ ತಂದೆ ಹೊಲದ ಮೇಲೆ ಸಾಲ ತೆಗೆದಾದರೂ ಬಂದೂಕು ಕೊಡಿಸಲು ಸಿದ್ಧರಾಗಿದ್ದರು. ಹೊಲವೇ ಪಣಕ್ಕೆ ಬಿದ್ದಿರುವ ಪ್ರಶ್ನೆಗೆ ವಿಚಾರಮಾಡಿ ಉತ್ತರ ಹೇಳುವುದೇ ನ್ಯಾಯ. ಇಂಥ ಹಂಬಲದ ಮಕ್ಕಳು ಇತರ ಮನೆಗಳಲ್ಲಿಯೂ ಇರಬಹುದಾದುದರಿಂದ ಆ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಒಂದೇ ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತದೆ. ಶಾಟ್‌ಗನ್ ಎಂಬುದು ನುಣುಪು ನಳಿಗೆಯ ಕೋವಿ. ಅದರ ಒಂದು ತೋಟೆಯಲ್ಲಿ ನೂರಾರು ಸಣ್ಣ ಸೀಸದ ಚರೆಗಳಿರುತ್ತವೆ. ಹನ್ನೆರಡು ಬೋರು ಎಂಬ ಹೆಸರಿನ ಹಿಂದೆ ಒಂದು ಹಳೆಯ ಲೆಕ್ಕವಿದೆ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದೇ ಅದರ ಅರ್ಥ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹನ್ನೆರಡು ಬೋರಿಗಿಂತ ದೊಡ್ಡ ನಳಿಗೆ ಸಲ್ಲದು. ತೋಟೆಯಲ್ಲಿ 24 ಗ್ರಾಮಿಗಿಂತ ಹೆಚ್ಚು ಚರೆ ಇರಕೂಡದು. ಹೊಡೆಯಬೇಕಾದ ತಟ್ಟೆ 11 ಸೆಂಟಿಮೀಟರ್ ಅಗಲದ್ದು, ತೂಕ ಸುಮಾರು 105 ಗ್ರಾಮು. ಇಂಗ್ಲಿಷಿನಲ್ಲಿ ಇದನ್ನು ಜೇಡಿಯ ಪಾರಿವಾಳವೆಂದು ಕರೆಯುತ್ತಾರೆ. ಒಂದು ಕಾಲದಲ್ಲಿ ನಿಜವಾದ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕ್ರೀಡೋತ್ಸವದಲ್ಲಿಯೂ ಆ ಕ್ರೌರ್ಯ ನಡೆಯಿತು. ಹಕ್ಕಿ ಹೋಗಿ ತಟ್ಟೆ ಬಂದುದು ಮನುಷ್ಯಜಾತಿಗೆ ಮರ್ಯಾದೆಯ ಸಂಗತಿಯೇ ಸರಿ.

ಒಲಿಂಪಿಕ್ಸಿನಲ್ಲಿ ಈಗ ಉಳಿದಿರುವ ಪಂದ್ಯಗಳು ಎರಡು ಬಗೆ. ಟ್ರ್ಯಾಪ್ ಎಂಬುದರಲ್ಲಿ ಶೂಟರನ ಮುಂದೆ 15 ಮೀಟರ್ ದೂರದ ಹಳ್ಳದಲ್ಲಿ ಹುದುಗಿಸಿದ ಯಂತ್ರಗಳಿಂದ ತಟ್ಟೆ ಚಿಮ್ಮಿ, ಅವನಿಂದ ದೂರಕ್ಕೆ ಓಡುತ್ತದೆ. ಎಡಕ್ಕೋ ಬಲಕ್ಕೋ, ಎತ್ತರಕ್ಕೋ ತಗ್ಗಿಗೋ ಎಂಬುದು ಅವನಿಗೆ ಮೊದಲು ತಿಳಿಯದು. ಅರ್ಹತಾ ಸುತ್ತಿನಲ್ಲಿ ಒಂದು ತಟ್ಟೆಗೆ ಎರಡು ಈಡು ಹಾರಿಸಬಹುದು. ಸ್ಕೀಟಿನಲ್ಲಿ ಎತ್ತರದ ಮನೆಯೊಂದು, ತಗ್ಗಿನ ಮನೆಯೊಂದು. ತಟ್ಟೆಗಳು ಅಡ್ಡಡ್ಡಲಾಗಿ ಹಾರುತ್ತವೆ, ಕೆಲವು ಸಲ ಎರಡೂ ಮನೆಗಳಿಂದ ಒಮ್ಮೆಗೇ. ತಟ್ಟೆ ಕಾಣುವವರೆಗೆ ಬಂದೂಕಿನ ಬುಡ ಸೊಂಟದ ಬಳಿಯೇ ಇರಬೇಕು. ತಟ್ಟೆಗೆ ಒಂದೇ ಈಡು. ಎರಡರಲ್ಲಿಯೂ ಯೋಚಿಸಲು ಸಮಯವಿಲ್ಲ. ಅಡ್ಡ ಹೋಗುವ ತಟ್ಟೆಗೆ ನೇರವಾಗಿ ಗುರಿಯಿಟ್ಟರೆ ಚರೆ ಅಲ್ಲಿಗೆ ತಲುಪುವಷ್ಟರಲ್ಲಿ ತಟ್ಟೆ ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಆದುದರಿಂದ ಬಂದೂಕನ್ನು ತಟ್ಟೆಯೊಡನೆ ಬೀಸುತ್ತ, ಅದರ ಮುಂದಿನ ಬರಿಯ ಗಾಳಿಗೆ ಹೊಡೆಯಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳಿಗೆ ಹೂವಿಟ್ಟು ಪೂಜಿಸಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅದು ದೃಢತೆಯ ವಿದ್ಯೆ, ಎನ್.ಸಿ.ಸಿ.ಯ ರೈಫಲ್ ಕಲಿಸುವುದೂ ಅದನ್ನೇ. ಇದು ಚಲನೆಯ ವಿದ್ಯೆ. ರೈಫಲ್ಲಿನಲ್ಲಿ ಪಳಗಿದವನು ಇಲ್ಲಿ ಬೀಸುವ ಕೈಯನ್ನು ನಿಲ್ಲಿಸಿಬಿಟ್ಟು ತಟ್ಟೆಯ ಹಿಂದೆ ಹೊಡೆಯುವುದು ಸಾಮಾನ್ಯ.

ಇನ್ನು ಅರೆ-ಸ್ವಯಂಚಾಲಿತ ಬಂದೂಕಿನ ವಿಷಯ. ಒಂದು ಈಡು ಹಾರಿದ ಕೂಡಲೆ ಅದರ ಬಲದಿಂದಲೇ ಖಾಲಿ ತೋಟೆ ಹೊರಕ್ಕೆ ಚಿಮ್ಮಿ, ಮುಂದಿನ ತೋಟೆ ತಾನಾಗಿ ನಳಿಗೆಯ ಬುಡಕ್ಕೆ ಬಂದು ಕೂರುತ್ತದೆ. ಆದರೆ ಪ್ರತಿ ಈಡಿಗೂ ಕುದುರೆಯನ್ನು ಬೇರೆಯಾಗಿಯೇ ಎಳೆಯಬೇಕು. ಅದಕ್ಕಾಗಿಯೇ 'ಅರೆ' ಎಂಬ ವಿಶೇಷಣ. ಶಾಟ್‌ಗನ್ನಿನಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ಸಾಧಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಅವನ 'ಆಟೋ-5' ಬಂದೂಕನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಲ್ಜಿಯಮಿನ ಎಫ್.ಎನ್. ಕಾರ್ಖಾನೆ ತಯಾರಿಸಿತು. ಅದರಲ್ಲಿ ನಳಿಗೆಯೇ ಹಿಂದಕ್ಕೆ ಸರಿದು ಕೆಲಸ ಮಾಡುತ್ತಿತ್ತು. 1963ರಲ್ಲಿ ಬಂದ ರೆಮಿಂಗ್ಟನ್ 1100ರಲ್ಲಿ ನಳಿಗೆಯಿಂದ ಸ್ವಲ್ಪ ಅನಿಲವನ್ನು ಕದ್ದು ಕೊಂತವೊಂದನ್ನು ತಳ್ಳುವ ಉಪಾಯವಿತ್ತು. ಇಟಲಿಯ ಬೆನೆಲ್ಲಿಯವರು ಅನಿಲವನ್ನು ಬಿಟ್ಟು ಜಡತ್ವವನ್ನೇ ದುಡಿಸಿಕೊಂಡರು.

ಅನಿಲದ ಬಂದೂಕಿನ ದೊಡ್ಡ ಗುಣವೆಂದರೆ ಒದೆತ ಮೆತ್ತಗಿರುವುದು. ಒದೆತದ ಒಟ್ಟು ಮೊತ್ತ ಎಲ್ಲಿಗೂ ಹೋಗುವುದಿಲ್ಲ. ನ್ಯೂಟನ್ನನ ನಿಯಮಕ್ಕೆ ರಿಯಾಯಿತಿಯಿಲ್ಲ. ಆದರೆ ಒಂದೇ ಏಟಾಗಿ ಬೀಳುವುದು ಕೊಂಚ ಹೊತ್ತಿಗೆ ಹಂಚಿಕೊಂಡು ತಳ್ಳುವಿಕೆಯಾಗುತ್ತದೆ. ದಿನಕ್ಕೆ ನೂರು ತೋಟೆ ಹಾರಿಸುವ ಎಳೆಯ ಹೆಗಲಿಗೆ, ಸಪೂರ ಮೈಯ ಹುಡುಗಿಗೆ ಇದು ಅಲ್ಪ ಉಪಕಾರವಲ್ಲ. ಒದೆತಕ್ಕೆ ಅಂಜಿದವರು ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾರೆ. ಆ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಬೆಲೆಯಲ್ಲಿಯೂ ಈ ಬಂದೂಕುಗಳು ಸ್ಪರ್ಧೆಯ ಉತ್ತಮ ಜೋಡುನಳಿಗೆಗಳಿಗಿಂತ ಸಾಮಾನ್ಯವಾಗಿ ಕಡಿಮೆಯೆ.

ಹಾಗಾದರೆ ದೊಡ್ಡ ಸ್ಪರ್ಧೆಗಳ ಮೈದಾನದಲ್ಲಿ ಎಲ್ಲಿ ನೋಡಿದರೂ ಒಂದರ ಮೇಲೊಂದು ನಳಿಗೆಯಿರುವ ಬಂದೂಕುಗಳೇ ಕಾಣುವುದೇಕೆ? ಮೊದಲ ಕಾರಣ ನಳಿಗೆಯ ತುದಿಯ ಬಿಗಿ. ತುದಿ ಬಿಗಿಯಾದಷ್ಟೂ ಚರೆಗಳು ಒಟ್ಟಾಗಿ ಹೆಚ್ಚು ದೂರ ಹೋಗುತ್ತವೆ. ಟ್ರ್ಯಾಪಿನಲ್ಲಿ ಎರಡನೆಯ ಈಡಿನ ಹೊತ್ತಿಗೆ ತಟ್ಟೆ ಇನ್ನೂ ದೂರ ಓಡಿರುತ್ತದೆ. ಎರಡು ನಳಿಗೆಗಳಿದ್ದರೆ ಮೊದಲನೆಯದಕ್ಕೊಂದು ಬಿಗಿ, ಎರಡನೆಯದಕ್ಕೆ ಇನ್ನೂ ಹೆಚ್ಚಿನದು. ಒಂಟಿ ನಳಿಗೆಯ ಸೆಮಿ ಆಟೋಮ್ಯಾಟಿಕ್ಕಿಗೆ ಈ ಅನುಕೂಲವಿಲ್ಲ. ಎರಡನೆಯದು ನಂಬಿಕೆ. ಬಳ್ಳಾರಿ ಸೀಮೆಯ ಬೇಸಗೆಯ ಧೂಳನ್ನೂ ತೋಟೆಯ ಮಸಿಯನ್ನೂ ಒಟ್ಟಿಗೆ ನೆನೆದುಕೊಂಡರೆ, ಕೊಂತ ಕವಾಟಗಳುಳ್ಳ ಯಂತ್ರವನ್ನು ಎಷ್ಟು ಸಲ ಬಿಚ್ಚಿ ತೊಳೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಮೂರನೆಯದು ಸುರಕ್ಷಿತತೆ. ಜೋಡುನಳಿಗೆಯನ್ನು ಮುರಿದು ತೋಳ ಮೇಲೆ ಹಾಕಿಕೊಂಡರೆ ಅದರಲ್ಲಿ ತೋಟೆಯಿಲ್ಲವೆಂಬುದು ಮೈದಾನದಲ್ಲಿರುವ ಎಲ್ಲರ ಕಣ್ಣಿಗೂ ಕಾಣುತ್ತದೆ. ಇನ್ನೊಂದು ಸಣ್ಣ ಮಾತು: ಸೆಮಿ ಆಟೋಮ್ಯಾಟಿಕ್ ಖಾಲಿ ತೋಟೆಯನ್ನು ಬಲಗಡೆಗೆ ಎಸೆಯುತ್ತದೆ, ಎಡಗೈಯವನಾದರೆ ಅದು ಅವನ ಮುಖದ ಮುಂದೆಯೇ ಹಾರಿಹೋಗುತ್ತದೆ. ಎಡಗೈಯವರಿಗೆಂದೇ ಮಾಡಿದ ಮಾದರಿಗಳುಂಟು, ಹುಡುಕಬೇಕು.

ಸ್ವಾರಸ್ಯವೆಂದರೆ, ಅರೆ-ಸ್ವಯಂಚಾಲಿತ ಬಂದೂಕಿನ ಜನಕನಾದ ಆ ಬ್ರೌನಿಂಗನೇ ತನ್ನ ಕೊನೆಗಾಲದಲ್ಲಿ ಮೇಲು-ಕೆಳಗಿನ ಜೋಡುನಳಿಗೆಯ ಮೇಲೆ ದುಡಿಯುತ್ತಿದ್ದನು. 1926ರಲ್ಲಿ ಬೆಲ್ಜಿಯಮಿನಲ್ಲಿ ಕೆಲಸದ ನಡುವೆಯೇ ಅವನು ತೀರಿಕೊಂಡನು. ಉಳಿದುದನ್ನು ಮಗನು ಪೂರೈಸಿದನು. 1964ರ ಟೋಕಿಯೊ ಒಲಿಂಪಿಕ್ಸಿನ ಟ್ರ್ಯಾಪಿನಲ್ಲಿ ಇಟಲಿಯ ಎನ್ನಿಯೊ ಮತ್ತಾರೆಲ್ಲಿ ಚಿನ್ನ ಗೆದ್ದುದು ಪೆರಾಜ್ಜಿಯ ಜೋಡುನಳಿಗೆಯಿಂದ. ಆ ಮನೆತನದ ಬಂದೂಕುಗಳು ಇಂದಿಗೂ ಶೂಟರರ ಕನಸಿನ ಸೊತ್ತು.

ಇಷ್ಟಾದರೂ ನಮ್ಮ ದೇಶದಲ್ಲಿ ಈ ಆಯ್ಕೆಯನ್ನು ಬಹುಪಾಲು ಕಾನೂನೇ ಮಾಡಿಬಿಡುತ್ತದೆ. 2016ರ ಆಯುಧ ನಿಯಮಗಳು ಅರೆ-ಸ್ವಯಂಚಾಲಿತ ಆಯುಧಗಳನ್ನು, ಕೆಲವೊಂದು ಹೊರತಾಗಿ, ನಿರ್ಬಂಧಿತ ವರ್ಗದಲ್ಲಿ ಇರಿಸಿವೆ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಸಾಮಾನ್ಯ ಜೋಡುನಳಿಗೆಗೆ ಲೈಸೆನ್ಸು ಕೇಳುವಂತೆ ಇದನ್ನು ಕೇಳಲಾಗದು. ಮಾತು ದಿಲ್ಲಿಯವರೆಗೆ ಹೋಗುತ್ತದೆ. ಇಲ್ಲಿ ಒಂದು ವಿನೋದವನ್ನು ಗಮನಿಸಿ. ಮುಂಗೈಯಿಂದ ಹಿಂದೆ ಮುಂದೆ ಜಗ್ಗಿ ತೋಟೆ ತುಂಬುವ ಪಂಪ್ ಆಕ್ಷನ್ ಬಂದೂಕನ್ನು ನಮ್ಮ ಆಯುಧ ಕಾರ್ಖಾನೆಗಳೇ ತಯಾರಿಸಿ ಲೈಸೆನ್ಸುದಾರರಿಗೆ ಮಾರಿವೆ. ಆದರೆ ಒಲಿಂಪಿಕ್ ಪಂದ್ಯದ ನಿಯಮ ಅದನ್ನು ಮೈದಾನಕ್ಕೆ ಬಿಡುವುದಿಲ್ಲ. ಸೆಮಿ ಆಟೋಮ್ಯಾಟಿಕ್ಕನ್ನು ಪಂದ್ಯದ ನಿಯಮ ಒಪ್ಪುತ್ತದೆ, ಕಾನೂನು ತಡೆಯುತ್ತದೆ. ಪಂದ್ಯದಲ್ಲಿ ಒಪ್ಪುವುದೂ ತೋಟೆಯ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಹಿಡಿಯದಂತೆ ಅಡ್ಡಿಯಿಟ್ಟ ಮೇಲೆಯೇ. ಎಂದಮೇಲೆ ನಾಲ್ಕಾರು ಈಡುಗಳನ್ನು ಒಂದೇ ಸಮನೆ ಹಾರಿಸಬಹುದೆಂದು ಸಿನಿಮಾ ನೋಡಿ ಆಸೆಪಟ್ಟವನಿಗೆ ಅಲ್ಲಿ ಸಿಕ್ಕುವುದೂ ಎರಡೇ. ಕೊಡಗಿನವರಿಗೆ ಲೈಸೆನ್ಸಿನ ವಿನಾಯಿತಿ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೇರಿದ್ದು. ಹಲಕುಂದಿಗೆ ಅದರ ನೆರಳು ಬೀಳುವುದಿಲ್ಲ.

ಸ್ಪರ್ಧೆಯ ಶೂಟರರಿಗೆ ಪ್ರತ್ಯೇಕ ದಾರಿಯಿದೆ. 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಮಾವಳಂಕರರೇ ಮೊದಲ ಅಧ್ಯಕ್ಷರು. ಅವರ ಹೆಸರಿನ ಪಂದ್ಯಾವಳಿ ಇಂದಿಗೂ ರಾಷ್ಟ್ರೀಯ ಸ್ಪರ್ಧೆಗೆ ಹೆಬ್ಬಾಗಿಲು. ರಾಜ್ಯದ ರೈಫಲ್ ಸಂಸ್ಥೆಯ ಸದಸ್ಯತ್ವ ಪಡೆದು, ಅಲ್ಲಿನ ಬಂದೂಕಿನಿಂದ ಅಭ್ಯಾಸ ಮಾಡಿ, ಸ್ಪರ್ಧೆಗಳಲ್ಲಿ ಅಂಕ ಸಂಪಾದಿಸಿದ ಮೇಲೆ ಸ್ವಂತ ಬಂದೂಕಿನ ಮಾತು. ಲೈಸೆನ್ಸಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಅದಕ್ಕೆ ಮೊದಲು ಮೇಲ್ವಿಚಾರಣೆಯಲ್ಲಿ ಕಲಿಯಬಹುದು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗರು 1960ರಿಂದ 1980ರವರೆಗೆ ಐದು ಒಲಿಂಪಿಕ್ಸುಗಳಲ್ಲಿ ತಟ್ಟೆ ಹೊಡೆದರು. 1962ರಲ್ಲಿ ಕೈರೋದ ವಿಶ್ವಸ್ಪರ್ಧೆಯಲ್ಲಿ ಬೆಳ್ಳಿ ಪಡೆದರು. ಅರಮನೆಯ ಶೋಕಿ ಎನಿಸಿಕೊಂಡಿದ್ದ ಈ ಆಟದಲ್ಲಿ 2004ರಲ್ಲಿ ಅಥೆನ್ಸಿನ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದ ರಾಜ್ಯವರ್ಧನ ಸಿಂಗ್ ರಾಥೋಡರು ಸೈನ್ಯದ ಅಧಿಕಾರಿ. ದಾರಿ ಸ್ವಲ್ಪ ಅಗಲವಾಗಿದೆ ಎನ್ನಬಹುದು.

ಯಾವ ಬಂದೂಕನ್ನೇ ಹಿಡಿಯಲಿ, ಅದು ಮೈಗೆ ಒಪ್ಪಬೇಕು. ನನ್ನ ಮಟ್ಟಿಗೆ ಕಾರ್ಖಾನೆಯ ಹೆಸರಿಗಿಂತ ಇದು ನೂರು ಪಾಲು ಮುಖ್ಯ. ಶಾಟ್‌ಗನ್ನಿಗೆ ರೈಫಲ್ಲಿನಂತೆ ಹಿಂದೊಂದು ಮುಂದೊಂದು ಗುರಿಕಣ್ಣು ಇರುವುದಿಲ್ಲ. ಶೂಟರನ ಕಣ್ಣೇ ಹಿಂದಿನ ಗುರಿಕಣ್ಣು. ಕೆನ್ನೆಯನ್ನು ಮರಕ್ಕೆ ಆನಿಸಿದಾಗ ಆ ಕಣ್ಣು ಪ್ರತಿಸಲವೂ ನಳಿಗೆಯ ಮೇಲಿನ ಪಟ್ಟಿಯ ನೇರಕ್ಕೇ ಬರಬೇಕು. ಮರ ಉದ್ದವಾದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ತಗ್ಗಾದರೆ ಕಣ್ಣು ಮುಚ್ಚಿಹೋಗುತ್ತದೆ, ಎತ್ತರವಾದರೆ ಚರೆ ಮೇಲಿಂದ ಹಾದುಹೋಗುತ್ತದೆ. ಅದಕ್ಕೂ ಮೊದಲು ಯಾವ ಕಣ್ಣು ಯಜಮಾನ ಎಂದು ತಿಳಿಯಬೇಕು. ಎರಡೂ ಕಣ್ಣು ತೆರೆದು ದೂರದ ಕಂಬವೊಂದಕ್ಕೆ ಹೆಬ್ಬೆರಳನ್ನು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣಿನಿಂದ ನೋಡಿದಾಗ ಬೆರಳು ಕದಲುವುದಿಲ್ಲವೋ ಅದು ಯಜಮಾನ. ಬಲಗೈಯವನಿಗೆ ಎಡಗಣ್ಣು ಯಜಮಾನವಾಗಿದ್ದರೆ ಎಂಥ ಇಟಲಿಯ ಬಂದೂಕೂ ತಟ್ಟೆಯ ಪಕ್ಕಕ್ಕೇ ಹೊಡೆಯುತ್ತದೆ. ಕಾಸಿಲ್ಲದ ಈ ಪರೀಕ್ಷೆಯನ್ನು ಮನೆಯ ಜಗುಲಿಯಲ್ಲಿಯೇ ಮಾಡಬಹುದು. ಆಮೇಲೆ ಮೈದಾನದಲ್ಲಿ ದೊಡ್ಡ ಕಾಗದಕ್ಕೆ ಹತ್ತಾರು ಈಡು ಹೊಡೆದು ಚರೆಗಳ ಗುಂಪು ಎಲ್ಲಿ ಬೀಳುತ್ತದೆಂದು ನೋಡಬೇಕು. ಸಾಮಾನ್ಯವಾಗಿ ಟ್ರ್ಯಾಪಿಗೆ ಉದ್ದ ನಳಿಗೆ, ಬಿಗಿ ತುದಿ. ಸ್ಕೀಟಿಗೆ ಸ್ವಲ್ಪ ಗಿಡ್ಡದು, ಸಡಿಲ ತುದಿ. ತೂಕದ ಬಂದೂಕು ಕಡಿಮೆ ಒದೆಯುತ್ತದೆ, ಆದರೆ ಐದನೆಯ ಸುತ್ತಿನ ಹೊತ್ತಿಗೆ ತೋಳನ್ನು ಬಳಲಿಸುತ್ತದೆ.

ಬೇಟೆಗೂ ಆದೀತೆಂದು ಯಾರಾದರೂ ಲೆಕ್ಕ ಹಾಕಿದರೆ ಅದನ್ನು ಈಗಲೇ ಬಿಡಬೇಕು. 1972ರ ವನ್ಯಜೀವಿ ಕಾಯಿದೆ ಆ ಬಾಗಿಲನ್ನು ಮುಚ್ಚಿದೆ. ಮುಚ್ಚಿದ್ದು ತಡವಾಯಿತೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ: ಸಿರುಗುಪ್ಪದ ಎರೆಹೊಲಗಳಲ್ಲಿ ಎರೆಭೂತ ಹಕ್ಕಿ ಈಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿದೆ.

ಕೊನೆಗೆ ಹಣದ ಮಾತು. ಬಂದೂಕು ಒಮ್ಮೆ ಕೊಳ್ಳುವುದು, ತೋಟೆ ದಿನವೂ ಕೊಳ್ಳುವುದು. ಒಂದು ಪಂದ್ಯದ ಅರ್ಹತಾ ಸುತ್ತಿಗೆ 125 ತಟ್ಟೆಗಳು. ವಾರಕ್ಕೆ ಮೂರು ದಿನ, ದಿನಕ್ಕೆ ನೂರು ತೋಟೆಯಂತೆ ಅಭ್ಯಾಸ ಮಾಡಿದರೂ ಐವತ್ತು ವಾರಗಳಿಗೆ 15,000 ತೋಟೆಗಳಾದವು. ಅಷ್ಟೇ ತಟ್ಟೆಗಳ ಬೆಲೆ, ಪ್ರಯಾಣ, ತರಬೇತುದಾರರ ಶುಲ್ಕ ಬೇರೆ. ಹೊಲದ ಮೇಲಿನ ಸಾಲವೆಲ್ಲ ಬಂದೂಕಿಗೇ ಹೋದರೆ ತೋಟೆಯಿಲ್ಲದ ಬಂದೂಕು ಬೀರುವಿನಲ್ಲಿ ಉಳಿಯುತ್ತದೆ. ಮೊದಲ ವರ್ಷವನ್ನು ಸಂಸ್ಥೆಯ ಬಂದೂಕಿನಲ್ಲಿಯೇ ಕಳೆಯುವುದು ಲೇಸು. ಆ ವರ್ಷದ ಅಂಕಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ತಂದೆಯೂ ಮಗನೂ ಸಾಲದ ಮಾತಾಡಲಿ. ಕೊಳ್ಳುವುದಾದರೆ ಹೊಂದಿಸಬಹುದಾದ ಮರವುಳ್ಳ, ಕೈ ಬದಲಾಯಿಸಿದ ಹಳೆಯ ಜೋಡುನಳಿಗೆಯೊಂದನ್ನು ಬಲ್ಲವರಿಗೆ ತೋರಿಸಿ ಕೊಳ್ಳಬಹುದು. ಅದರ ಜೊತೆಗೆ ಕಿವಿಗೆ ಮುಚ್ಚಿಗೆ, ಕಣ್ಣಿಗೆ ಕನ್ನಡಕ, ಬಂದೂಕಿಗೊಂದು ಕಬ್ಬಿಣದ ಪೆಟ್ಟಿಗೆ, ತೋಟೆಗಳಿಗೆ ಬೇರೊಂದು ಪೆಟ್ಟಿಗೆ. ಎರಡರ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಇರಬಾರದು.